ಕಪ್ಪಕ್ಷರ, ಕೆಂಪಕ್ಷರ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ತಾನು ಕಾಲಿಡದ ಊರಿನ ನಕ್ಷೆಯನ್ನು ಒಬ್ಬ ಹೇಗೆ ಬರೆಯುತ್ತಾನೆ, ಅದನ್ನು ನಂಬೋದು ಹೇಗೆ ಅಂತ. ಅಷ್ಟರಲ್ಲಿ ನಿನ್ನ ಬಸ್ಸು ಬಂತು, ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿದ್ದದ್ದು ಜಿಯಾ ಡಾನ್ ಬಗ್ಗೆ. ಚೀನಾದ ತಾಂಗ್ ಅರಸರ ಕಾಲದವನು, ಹುಟ್ಟಿದ್ದು 730ರಲ್ಲಿ, ತೀರಿಕೊಂಡದ್ದು 805ರಲ್ಲಿ. ಪರೀಕ್ಷೆ ಪಾಸು ಮಾಡಿ ಸಣ್ಣ ನೌಕರಿಗೆ ಸೇರಿದವನು, ಕೊನೆಗೆ ಚಕ್ರವರ್ತಿಯ ಮಂತ್ರಿಯಾಗಿ 13 ವರ್ಷ ಇದ್ದ. ಅವನ ಯೌವನದಲ್ಲೇ ದೇಶ ಒಡೆದುಹೋಯಿತು. 755ರಲ್ಲಿ ಆನ್ ಲುಶಾನ್ ಎಂಬ ದಂಡನಾಯಕ ದಂಗೆ ಎದ್ದ, ಅದನ್ನು ಅಡಗಿಸಲು ಗಡಿಯ ಸೈನ್ಯವನ್ನೆಲ್ಲ ಒಳಗೆ ಕರೆಸಿಕೊಂಡರು, ಆ ಹೊತ್ತಿಗೆ ಟಿಬೆಟಿನವರು ಬಂದು ಪಶ್ಚಿಮದ ನಾಡುಗಳನ್ನು ಹಿಡಿದುಕೊಂಡರು. ಕೈತಪ್ಪಿದ ಆ ನಾಡುಗಳ ದಾರಿ, ಹೊಳೆ, ಬೆಟ್ಟ ಎಲ್ಲಾ ಜನರ ನೆನಪಿನಿಂದಲೂ ಜಾರಿಹೋಗುತ್ತಿವೆ ಅನ್ನೋದು ಇವನ ಸಂಕಟ.

ಅದಕ್ಕೆ ಅವನು ಮಾಡಿದ್ದು ಒಂದೇ ಕೆಲಸ, ಕೇಳಿದ. ಹೊರನಾಡಿನ ರಾಯಭಾರಿ ಬಂದರೆ ಕೂರಿಸಿ ಕೇಳಿದ, ತಮ್ಮ ಕಡೆಯ ರಾಯಭಾರಿ ತಿರುಗಿ ಬಂದರೆ ಅವನನ್ನೂ ಕೇಳಿದ. ನಕ್ಷೆಯ ಜೊತೆ ಚಕ್ರವರ್ತಿಗೆ ಕೊಟ್ಟ ಬಿನ್ನಹದಲ್ಲಿ ತಾನೇ ಹೇಳಿಕೊಂಡಿದ್ದಾನೆ: ಸಂತೆಯ ವ್ಯಾಪಾರಿಗಳು, ಗಡಿಯಾಚೆಯ ಮುದುಕರು, ಓಣಿಯ ಹರಟೆ, ಜನರ ಹಾಡು, ಯಾವುದನ್ನೂ ಬಿಡಲಿಲ್ಲ, ನಿಜ ಇಟ್ಟುಕೊಂಡು ಸುಳ್ಳನ್ನು ಕಿತ್ತೆಸೆದೆ ಅಂತ. ಸುಮಾರು 30 ವರ್ಷ ಹೀಗೆ! ದೊಡ್ಡ ಹುದ್ದೆಯವರು ಮಾತಾಡೋದೇ ಜಾಸ್ತಿ, ಕೇಳೋದು ಕಡಿಮೆ ಅಲ್ವಾ? ನನಗೆ ಇವನು ಇಷ್ಟವಾಗಿದ್ದು ಇಲ್ಲೇ.

801ರಲ್ಲಿ ಚೀನಾ ಮತ್ತು ಹೊರನಾಡುಗಳ ದೊಡ್ಡ ನಕ್ಷೆ ಮುಗಿಯಿತು. ರೇಷ್ಮೆಯ ಮೇಲೆ ಬರೆಸಿದ್ದು. ಅವರ ಅಳತೆಯಲ್ಲಿ ಅಗಲ 30 ಅಡಿ, ಎತ್ತರ 33 ಅಡಿ, ಅವರ ಅಡಿ ನಮ್ಮ ಅಡಿಗೆ ಹೆಚ್ಚುಕಡಿಮೆ ಸಮ. ಹೆಬ್ಬೆರಳಗಲದ ಜಾಗಕ್ಕೆ 100 'ಲೀ', ಲೀ ಅನ್ನೋದು ಅವರ ದೂರದ ಅಳತೆ, 100 ಲೀ ಅಂದರೆ ಸುಮಾರು 50 ಕಿಲೋಮೀಟರ್. ಹಳೆಯ ಕಾಲದ ಹೆಸರುಗಳನ್ನು ಕಪ್ಪು ಮಸಿಯಲ್ಲಿ, ತನ್ನ ಕಾಲದ ಹೆಸರುಗಳನ್ನು ಕೆಂಪಿನಲ್ಲಿ ಬರೆಸಿದ. ಒಂದೇ ಊರಿನ ಎರಡು ಕಾಲ ಒಟ್ಟಿಗೇ ಕಣ್ಣಿಗೆ ಬೀಳಬೇಕು ಅಂತ.

ಕಡಲ ದಾರಿಗಳನ್ನೂ ಅವನು ಬರೆದಿಟ್ಟ. ಗ್ವಾಂಗ್‌ಜೋ ಬಂದರಿನಿಂದ ಹೊರಟು, ಯಾವ ಜಾಗಕ್ಕೆ ಎಷ್ಟು ದಿನದ ಪಯಣ ಅಂತ ಲೆಕ್ಕ ಕೊಡುತ್ತಾ ಹೋಗುತ್ತಾನೆ. ಸಿಂಹಳದಿಂದ ಪಶ್ಚಿಮಕ್ಕೆ 4 ದಿನ ಹೋದರೆ ದಕ್ಷಿಣ ಭಾರತದ ತುದಿಯಲ್ಲಿ 'ಮೊಲೈ' ಎಂಬ ನಾಡು ಸಿಗುತ್ತದೆ ಅನ್ನುತ್ತಾನೆ. ಅದು ಮಲಬಾರ್ ಕರಾವಳಿ ಅಂತ ವಿದ್ವಾಂಸರು ಗುರುತಿಸುತ್ತಾರೆ. ಇನ್ನೂ ಮುಂದೆ ಪರ್ಶಿಯಾ ಕೊಲ್ಲಿಯ ಹತ್ತಿರ ಜನ ಸಮುದ್ರದೊಳಗೆ ಕಂಬ ನೆಟ್ಟು, ಹಡಗಿನವರು ದಾರಿ ತಪ್ಪದಿರಲಿ ಅಂತ ರಾತ್ರಿ ಅದರ ಮೇಲೆ ಪಂಜು ಇಡುತ್ತಾರೆ ಅಂತಾನೆ. ಆ ಪಂಜನ್ನು ಕಣ್ಣಾರೆ ಕಂಡ ಯಾರೋ ನಾವಿಕ ಹೇಳಿದ್ದಿರಬೇಕು. ಆ ನಾವಿಕನ ಹೆಸರು ಉಳಿಯಲಿಲ್ಲ, ಪಂಜು ಉಳಿಯಿತು.

ಮನುಷ್ಯ ಎಂಥವನು ಅಂತಲೂ ಹೇಳಿಬಿಡುತ್ತೇನೆ. ಒಂದು ಪ್ರಾಂತ್ಯದ ಅಧಿಕಾರಿಯಾಗಿದ್ದಾಗ ದೊಡ್ಡ ಔತಣ ನಡೆದಿತ್ತು. ನಡುವೆ ತುರ್ತು ಆಜ್ಞೆ ಬಂತು: ನಿನ್ನ ಜಾಗ ನಿನ್ನ ಕೈಕೆಳಗಿನ ಫಾನ್ ಜೆಗೆ. ಓದಿದ, ಎದೆಯ ಬಟ್ಟೆಯೊಳಗೆ ಸೇರಿಸಿದ, ಏನೂ ಆಗದವನ ಹಾಗೆ ಕುಡಿಯುತ್ತಾ ಕೂತ. ಊಟ ಮುಗಿದ ಮೇಲೆ ಫಾನ್ ಜೆಯನ್ನು ಕರೆದು ಆಜ್ಞೆಯ ವಿಷಯ ತಿಳಿಸಿದ, ಎಲ್ಲರೂ ಅವನಿಗೆ ನಮಸ್ಕರಿಸಿ ಅಂದ. ಒಬ್ಬ ದಂಡನಾಯಕನಿಗೆ ಸಿಟ್ಟು ತಡೆಯಲಿಲ್ಲ, ಈ ಫಾನ್ ಜೆಯನ್ನು ಕೊಂದುಬಿಡೋಣ ಅಂದ. ಜಿಯಾ ಡಾನ್ ಒಪ್ಪಲಿಲ್ಲ. ಆ ದಂಡನಾಯಕನನ್ನು ಜೊತೆಗೇ ಕರೆದುಕೊಂಡು ಅದೇ ದಿನ ಊರು ಬಿಟ್ಟ.

ರೇಷ್ಮೆಯ ನಕ್ಷೆ ಈಗಿಲ್ಲ. ಅದನ್ನು ಆಧರಿಸಿ 1136ರಲ್ಲಿ ಕೆತ್ತಿದ ಒಂದು ಕಲ್ಲು ಶಿಆನ್ ನಗರದ ಶಾಸನಗಳ ಸಂಗ್ರಹಾಲಯದಲ್ಲಿದೆ. ಒಂದು ಮೀಟರ್ ಕೂಡ ಇಲ್ಲ, ಕಲ್ಲಿನಲ್ಲಿ ಕಪ್ಪು ಕೆಂಪು ಎಲ್ಲಿಂದ ಬರಬೇಕು.

ನೀನು ತಗೊಂಡಿರೋ ಸೈಟು 30-40 ತಾನೇ? ಗುದ್ದಲಿ ಪೂಜೆಗೆ ಬಂದಾಗ ಪಾಯಕ್ಕೆ ಗೆರೆ ಹಾಕೋ ಸುಣ್ಣ ಒಂದು ಮಂಕರಿ ಜಾಸ್ತಿ ತರಿಸಿರು. 30ಕ್ಕೆ 33 ಗೆರೆ ಎಳೆದು ತೋರಿಸುತ್ತೇನೆ, ಒಳಗೆ ನಿಂತು ನೋಡುವೆಯಂತೆ.

ನಿನ್ನ ಗೆಳೆಯ