ತೊಟ್ಟಿಯ ನೀರಿಗಿಂತ ಮೊದಲು ಕೋಣೆಯ ಗಾಳಿ ನೋಡಿ

ಮಾನ್ಯರೆ,

ಹುಬ್ಬಳ್ಳಿ-ಧಾರವಾಡದಲ್ಲಿ ಗಾಜಿನ ತೊಟ್ಟಿ ಎಂದರೆ ಗೋಲ್ಡ್ ಫಿಶ್ ಎಂಬ ಕಾಲ ಹೋಯಿತು. ಪಡಸಾಲೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು, ಕ್ಲೌನ್ ಮೀನಿನ ಜೊತೆಗೆ ಜೊಯಾಂಥಿಡ್, ಮಶ್ರೂಮ್, ಲೆದರ್ ಹವಳಗಳನ್ನು ಬೆಳೆಸುವ ಮನೆಗಳು ಅವಳಿ ನಗರದಲ್ಲಿ ಈಗ ಅಪರೂಪವಲ್ಲ. (ಬಂಡೆ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕದ್ದು ತಂದ ಅಂಥವನ್ನು ಸಾಕುವವರಿಗೆ ಈ ಪತ್ರದಿಂದ ಉಪಯೋಗವಾಗುವುದು ಬೇಡ.) ಈ ಹವ್ಯಾಸಕ್ಕೆ ಬಿದ್ದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಒಂದೇ ದೂರು ಹೊತ್ತು ಅಂಗಡಿಗೆ ಹೋಗುತ್ತಾರೆ: ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏನು ಮಾಡಿದರೂ 7.8ರ ಮೇಲೆ ಏರುತ್ತಿಲ್ಲ, ಬೆಳಗಿನ ಹೊತ್ತು ಇನ್ನೂ ಕೆಳಗಿರುತ್ತದೆ. ಮರಳುವಾಗ ಅವರ ಕೈಯಲ್ಲಿ ಪಿಎಚ್ ಏರಿಸುವ ಪುಡಿಯ ಡಬ್ಬಿ ಇರುತ್ತದೆ. ಕೆಲವರು ಮಲಪ್ರಭೆಯ ನೀರನ್ನು ದೂರುತ್ತಾರೆ, ಕೆಲವರು ಉಪ್ಪಿನ ಕಂಪನಿಯನ್ನು. ಕೋಣೆಯ ಕಿಟಕಿ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳುವ ಅಂಗಡಿಯವರನ್ನು ನಾನಂತೂ ಕಂಡಿಲ್ಲ.

ಸಮುದ್ರದ ಮೇಲ್ಮೈ ನೀರಿನ ಪಿಎಚ್ ಸರಾಸರಿ 8.1ರ ಆಸುಪಾಸಿನಲ್ಲಿದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುವುದರಿಂದ, ನೀರಿನ ಮೇಲಿನ ಗಾಳಿಯಲ್ಲಿ ಆ ಅನಿಲ ಹೆಚ್ಚಿದಷ್ಟೂ ಪಿಎಚ್ ಇಳಿಯುತ್ತದೆ. ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಇದ್ದಷ್ಟೇ ಇದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಪಿಎಚ್ ಸುಮಾರು 0.3ರಷ್ಟು ಕುಸಿಯುತ್ತದೆ. ಹೊರಗಿನ ಬಯಲು ಗಾಳಿಯಲ್ಲಿ ಈಗ ಅದರ ಪ್ರಮಾಣ 420 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ತುಸು ಹೆಚ್ಚು. ಆದರೆ ನಾವು ಬಿಡುವ ಉಸಿರಿನಲ್ಲಿ ಅದು ಶೇಕಡಾ 4ರಷ್ಟು, ಅಂದರೆ 40,000 ಪಿಪಿಎಂ ಇರುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಮೂರು ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿನ ಗಾಳಿ 2000 ಪಿಪಿಎಂ ದಾಟುವುದು ವಿಶೇಷವೇನೂ ಅಲ್ಲ. ಅಂಥ ಕೋಣೆಯಲ್ಲಿರುವ ತೊಟ್ಟಿಯ ನೀರು 8.2 ತೋರಿಸಬೇಕೆಂದು ಬಯಸುವುದು ರಸಾಯನಶಾಸ್ತ್ರದೊಡನೆ ಜಗಳಕ್ಕೆ ನಿಂತಂತೆ.

ನಮ್ಮ ಊರಿನಲ್ಲಿ ಕಿಟಕಿ ಮುಚ್ಚುವುದಕ್ಕೆ ಕಾರಣಗಳಿಗೆ ಬರವಿಲ್ಲ. ಬೇಸಿಗೆಯಲ್ಲಿ ಹುಬ್ಬಳ್ಳಿಯ ಧೂಳು, ಸಂಜೆಯಾದರೆ ಸೊಳ್ಳೆ, ಜೂನ್ ಬಂದರೆ ಧಾರವಾಡದ ಬಿಡದ ಜಿಟಿಜಿಟಿ ಮಳೆ ಮತ್ತು ಗಾಳಿ, ಅದು ಮುಗಿಯುತ್ತಲೇ ಚಳಿ. ಹಳೆಯ ಧಾರವಾಡದ ಹೆಂಚಿನ ಮನೆಗಳಲ್ಲಿ ಮುಚ್ಚಿದ ಕೋಣೆಗೂ ಹೆಂಚಿನ ಸಂದಿಯಿಂದ, ಗೋಡೆಯ ನೆತ್ತಿಯ ಬೆಳಕಿಂಡಿಯಿಂದ ಗಾಳಿ ಬರುತ್ತಿತ್ತು. ಈಗಿನ ಫ್ಲ್ಯಾಟಿನ ಜಾರು ಕಿಟಕಿ ತೆರೆದರೂ ಅರ್ಧವೇ ತೆರೆಯುತ್ತದೆ, ಮುಚ್ಚಿದರೆ ಮಾತ್ರ ಪೂರ್ತಿ ಮುಚ್ಚಿಕೊಳ್ಳುತ್ತದೆ. ಗಣೇಶ ಚೌತಿಯ ದಿನಗಳಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ: ಮಳೆಗೆ ಕಿಟಕಿ ಹಾಕಿರುತ್ತದೆ, ಮನೆ ತುಂಬ ನೆಂಟರು, ಅಡುಗೆಮನೆಯಲ್ಲಿ ನಸುಕಿನಿಂದ ಎರಡೂ ಒಲೆ ಉರಿಯುತ್ತಿರುತ್ತವೆ, ತೊಟ್ಟಿಯ ಪಿಎಚ್ ಮೀಟರಿನ ಅಂಕಿ ಮಾತ್ರ ಗಂಟೆಗಂಟೆಗೆ ಕೆಳಗಿಳಿಯುತ್ತಿರುತ್ತದೆ. ನೆಂಟರು ಊರಿಗೆ ಹೋದ ಮರುದಿನ, ನೀರಿಗೆ ಏನನ್ನೂ ಹಾಕದೆ, ಅದು ತಾನಾಗಿ ಮೇಲೇರುತ್ತದೆ.

ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳು ಗಟ್ಟಿಯಾಗಿ ಬೇರೂರಿವೆ. ಎಸಿ ಹಾಕಿದರೆ ಕೋಣೆಯ ಗಾಳಿ ಬದಲಾಗುತ್ತದೆ ಎಂಬುದು ಒಂದು. ಮನೆಗಳಲ್ಲಿರುವ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣಿಸಿ ಮತ್ತೆ ಒಳಗೇ ಬಿಡುತ್ತದೆ, ಹೊರಗಿನಿಂದ ಏನನ್ನೂ ತರುವುದಿಲ್ಲ. ಏರ್ ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ಈ ಅನಿಲವನ್ನಲ್ಲ. ಮೂಲೆಯಲ್ಲಿಟ್ಟ ಮನಿ ಪ್ಲಾಂಟಿನಿಂದ ಆಗುವ ವ್ಯತ್ಯಾಸ ಅಳತೆಗೆ ಸಿಗುವಷ್ಟೂ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಜನ ನಂಬುವುದು ಗುಳ್ಳೆ ಎಬ್ಬಿಸುವ ಏರ್ ಪಂಪನ್ನು. ಗುಳ್ಳೆ ಒಳ್ಳೆಯದೇ, ಆದರೆ ಅದು ಮಾಡುವ ಕೆಲಸವೆಂದರೆ ನೀರನ್ನು ಕೋಣೆಯ ಗಾಳಿಯೊಡನೆ ಬೇಗ ಸಮತೋಲಕ್ಕೆ ತರುವುದು. ಕೋಣೆಯ ಗಾಳಿಯೇ ಕೆಟ್ಟಿದ್ದರೆ ಪಂಪು ಆ ಕೆಡುಕನ್ನು ಇನ್ನಷ್ಟು ವೇಗವಾಗಿ ನೀರಿಗೆ ತುಂಬುತ್ತದೆ.

ದೋಷ ಎಲ್ಲಿದೆ ಎಂದು ಕಂಡುಹಿಡಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆದು ಪಿಎಚ್ ನೋಡಿಕೊಳ್ಳಿ. ಆ ಚೊಂಬನ್ನು ಮಾಳಿಗೆಗೋ ಅಂಗಳಕ್ಕೋ ಒಯ್ದು ಸಣ್ಣ ಏರ್ ಪಂಪಿನಿಂದ ಒಂದು ಗಂಟೆ ಗುಳ್ಳೆ ಹಾಯಿಸಿ ಮತ್ತೆ ಅಳೆಯಿರಿ. ಪಿಎಚ್ ಏರಿದ್ದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿತ್ತು ಎಂದರ್ಥ. ಅದೇ ಪಂಪನ್ನು ಇನ್ನೊಂದು ಚೊಂಬಿಗೆ ಕೋಣೆಯೊಳಗೇ ಹಚ್ಚಿದಾಗ ಅಂಕಿ ಏರದಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ, ಗಾಳಿಯೇ ಕಾರಣ. ಹೊರಗೂ ಏರಲಿಲ್ಲವೆಂದಾದರೆ ಮಾತ್ರ ಆಲ್ಕಲಿನಿಟಿ ಕಡಿಮೆ ಇದೆಯೇ ಎಂದು ನೋಡಬೇಕು. ಸಮುದ್ರದ ನೀರಿನಲ್ಲಿ ಅದು ಸುಮಾರು 7 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಇರುತ್ತದೆ, ಮನೆಯ ತೊಟ್ಟಿಗೆ 7ರಿಂದ 11ರೊಳಗೆ ಎಲ್ಲಿ ಸ್ಥಿರವಾಗಿ ನಿಂತರೂ ನಡೆಯುತ್ತದೆ. ಪಿಎಚ್ ಮೀಟರನ್ನು ಈ ಕೆಲಸಕ್ಕೆ 7 ಮತ್ತು 10ರ ದ್ರಾವಣಗಳಲ್ಲಿ ಸರಿಹೊಂದಿಸಿರಬೇಕು ಎಂಬುದನ್ನು ಮರೆಯಬಾರದು. 4 ಮತ್ತು 7ರಲ್ಲಿ ಹೊಂದಿಸಿದ ಮೀಟರು ಕಡಲ ನೀರಿನ ಮಟ್ಟದಲ್ಲಿ ನಂಬಿಕೆಗೆ ಅರ್ಹವಲ್ಲ.

ಪುಡಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಡುಗೆ ಸೋಡಾ ಅಥವಾ ವಾಷಿಂಗ್ ಸೋಡಾ ಜಾತಿಯ ಲವಣಗಳು. ಹಾಕಿದ ಕೆಲವು ಗಂಟೆ ಪಿಎಚ್ ಮೇಲೇರಿದಂತೆ ಕಾಣಬಹುದು, ಆದರೆ ಕೋಣೆಯ ಗಾಳಿ ಮತ್ತೆ ನೀರಿಗೆ ಇಳಿದು ಅಂಕಿ ಹಳೆಯ ಜಾಗದ ಹತ್ತಿರಕ್ಕೇ ಬರುತ್ತದೆ. ಉಳಿಯುವುದು ಏರಿದ ಆಲ್ಕಲಿನಿಟಿ. ಮರುದಿನ ಇನ್ನೊಂದು ಚಮಚ, ಅದರ ಮರುದಿನ ಮತ್ತೊಂದು. ಹೀಗೆ ಹೆಚ್ಚುತ್ತ ಹೋದರೆ ಒಂದು ದಿನ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಿಂದ ಹೊರಬಿದ್ದು ಹೀಟರಿಗೂ ಪಂಪಿನ ಚಕ್ರಕ್ಕೂ ಬಿಳಿಯ ಪೊರೆಯಾಗಿ ಅಂಟುತ್ತದೆ, ಕ್ಯಾಲ್ಸಿಯಂ ಕುಸಿಯುತ್ತದೆ. 7.8ರಲ್ಲಿ ಸ್ಥಿರವಾಗಿರುವ ತೊಟ್ಟಿಯಲ್ಲಿ ಜೀವಿಗಳು ಬದುಕುತ್ತವೆ, ಆಲ್ಕಲಿನಿಟಿ ದಿನಕ್ಕೊಂದು ಬಗೆಯಾಗಿ ಕುಣಿಯುವ ತೊಟ್ಟಿಯಲ್ಲಿ ಬದುಕುವುದು ಕಷ್ಟ.

ಪರಿಹಾರಗಳಲ್ಲಿ ಮೊದಲನೆಯದು ಎದುರುಬದುರಾದ ಎರಡು ಕಿಟಕಿಗಳನ್ನು ದಿನಕ್ಕೆ ಕೆಲವು ಗಂಟೆಯಾದರೂ ತೆರೆಯುವುದು. ಅದು ಸಾಧ್ಯವಿಲ್ಲದ ಮನೆಯಲ್ಲಿ ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರಿನ ಗಾಳಿ ನಳಿಕೆಯನ್ನು ಕಿಟಕಿಯ ಚೌಕಟ್ಟಿನ ತೂತಿನಿಂದ ಹೊರಗೆ ಬಿಡಬಹುದು. ಆಗ ಸ್ಕಿಮ್ಮರು ಎಳೆಯುವ ಗಾಳಿಯಷ್ಟೂ ಬಯಲಿನದಾಗುತ್ತದೆ. ನಳಿಕೆ ಉದ್ದವಾದಷ್ಟೂ ಅದರ ಒಳಗಿನ ಅಗಲ ಹೆಚ್ಚಿರಬೇಕು, ಇಲ್ಲವಾದರೆ ಗಾಳಿಯ ಸೆಳೆತ ಕುಗ್ಗಿ ಸ್ಕಿಮ್ಮರ್ ಸೊರಗುತ್ತದೆ. ತುದಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಮಳೆನೀರು ಹೋಗದಂತೆ ಬಾಯಿಯನ್ನು ಕೆಳಮುಖ ಮಾಡಬೇಕು. ಓಣಿಯಲ್ಲಿ ಸೊಳ್ಳೆಗೆ ಫಾಗಿಂಗ್ ಮಾಡುವ ದಿನ ಅದನ್ನು ತಪ್ಪದೆ ಒಳಗೆಳೆದುಕೊಳ್ಳಬೇಕು, ಏಕೆಂದರೆ ಆ ಹೊಗೆಯಲ್ಲಿ ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಕೀಟನಾಶಕ ಮೀನಿಗೂ ಸೀಗಡಿಗೂ ಘೋರ ವಿಷ. ಊರಂಚಿನ ಬಡಾವಣೆಗಳಲ್ಲಿ, ಹಾವೇರಿ-ಬ್ಯಾಡಗಿಯ ಕಡೆ ಮೆಣಸಿನಕಾಯಿ ಹೊಲದ ಪಕ್ಕದ ಮನೆಗಳಲ್ಲಿ, ಔಷಧಿ ಸಿಂಪಡಿಸುವಾಗಲೂ ಇದೇ ಎಚ್ಚರ ಬೇಕು.

ಸುಣ್ಣದ ತಿಳಿನೀರು ನನಗೆ ಹೆಚ್ಚು ಮೆಚ್ಚಿಗೆಯಾದ ಉಪಾಯ. ಶಾಲೆಯಲ್ಲಿ ಅದಕ್ಕೆ ನಳಿಕೆಯಿಂದ ಉಸಿರು ಊದಿ ಹಾಲಿನಂತೆ ಬೆಳ್ಳಗಾಗುವುದನ್ನು ನೋಡಿದವರಿಗೆ ಅದರ ಕೆಲಸ ಗೊತ್ತೇ ಇದೆ: ಇಂಗಾಲದ ಡೈಆಕ್ಸೈಡನ್ನು ಅದು ಹಿಡಿದುಕೊಳ್ಳುತ್ತದೆ. ಮುಚ್ಚಳ ತೆರೆದಿಟ್ಟ ಪಾತ್ರೆಯ ಮೇಲೆ ಕೆಲವೇ ಗಂಟೆಗಳಲ್ಲಿ ತೆಳುವಾದ ಗರಿಗರಿ ಕೆನೆ ಕಟ್ಟುವುದೂ ಅದೇ ಕ್ರಿಯೆ. ತೊಟ್ಟಿಯಲ್ಲಿ ಆವಿಯಾದ ನೀರಿನ ಬದಲಿಗೆ ಇದನ್ನು ರಾತ್ರಿಯಿಡೀ ಹನಿಹನಿಯಾಗಿ ಬಿಟ್ಟರೆ ಪಿಎಚ್, ಕ್ಯಾಲ್ಸಿಯಂ, ಆಲ್ಕಲಿನಿಟಿ ಮೂರಕ್ಕೂ ಆಸರೆ ಸಿಗುತ್ತದೆ. ರಾತ್ರಿಯೇ ಏಕೆಂದರೆ ದೀಪ ಆರಿದ ಮೇಲೆ ದ್ಯುತಿಸಂಶ್ಲೇಷಣೆ ನಿಂತು ಉಸಿರಾಟ ಮಾತ್ರ ನಡೆಯುವುದರಿಂದ ಪಿಎಚ್ ತಳ ಕಾಣುವುದು ಬೆಳಗಿನ ಜಾವಕ್ಕೆ. ಈ ನೀರಿನ ಪಿಎಚ್ 12ಕ್ಕೂ ಮೇಲಿರುವುದರಿಂದ ಒಮ್ಮೆಲೇ ಸುರಿದರೆ ತೊಟ್ಟಿಯೇ ಸತ್ತೀತು. ಎಲೆ-ಅಡಿಕೆಯ ಸುಣ್ಣ ಇದಕ್ಕೆ ಬೇಡ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು.

ಸ್ಕಿಮ್ಮರಿಗೆ ಹೋಗುವ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರುವ, ಸೋಡಾ ಲೈಮ್ ಹರಳು ತುಂಬಿದ ಸ್ಕ್ರಬ್ಬರ್ ಕೂಡ ಕೆಲಸ ಮಾಡುತ್ತದೆ, ಆದರೆ ಹರಳು ಬಣ್ಣ ತಿರುಗಿದಾಗಲೆಲ್ಲ ಬದಲಿಸುತ್ತಿರಬೇಕಾದ ಖರ್ಚು ತಿಂಗಳುಗಟ್ಟಲೆ ಬೆನ್ನು ಬಿಡುವುದಿಲ್ಲ. ಸಂಪಿನಲ್ಲಿ (ತೊಟ್ಟಿಗೆ ಜೋಡಿಸಿದ ಸೋಸು ತೊಟ್ಟಿಯಲ್ಲಿ) ಕೀಟೋಮಾರ್ಫಾ ಪಾಚಿ ಬೆಳೆಸಿ ರಾತ್ರಿ ಹೊತ್ತು ಅದಕ್ಕೆ ದೀಪ ಹಾಕುವುದೂ ಒಂದು ದಾರಿ.

ಕೊನೆಯದಾಗಿ ನಮ್ಮೂರಿನ ಅಕ್ವೇರಿಯಂ ಅಂಗಡಿಯವರಲ್ಲಿ ಒಂದು ವಿನಂತಿ. ಎನ್‌ಡಿಐಆರ್ ಸಂವೇದಕವಿರುವ (ಅವಕೆಂಪು ಬೆಳಕಿನಿಂದ ಅನಿಲವನ್ನು ನೇರವಾಗಿ ಅಳೆಯುವ) ಇಂಗಾಲದ ಡೈಆಕ್ಸೈಡ್ ಮೀಟರ್ ಒಂದನ್ನು ಅಂಗಡಿಯಲ್ಲಿಟ್ಟು, ಪಿಎಚ್ ದೂರು ತರುವ ಗಿರಾಕಿಗೆ ಎರಡು ದಿನಕ್ಕೆ ಬಾಡಿಗೆಗೆ ಕೊಡಿ. ಅಗ್ಗದ ಮೀಟರುಗಳಲ್ಲಿ ಹಲವು ಬೇರೆ ಅನಿಲಗಳನ್ನು ಅಳೆದು ಅಂದಾಜಿನ ಅಂಕಿ ತೋರಿಸುತ್ತವೆ, ದೇವರ ಮುಂದೆ ಊದುಬತ್ತಿ ಹಚ್ಚಿದರೂ ಅವು ಬೆಚ್ಚಿ ಬೀಳುತ್ತವೆ, ಅಂಥವು ಬೇಡ. ರಾತ್ರಿ ಮಲಗುವಾಗ, ಬೆಳಗಿನ ಜಾವ, ಅಡುಗೆಯ ಹೊತ್ತು, ಕಿಟಕಿ ತೆರೆದ ಮೇಲೆ ಹೀಗೆ ನಾಲ್ಕು ಹೊತ್ತಿನ ಅಂಕಿಯನ್ನು ಪಿಎಚ್ ಜೊತೆಗೆ ಬರೆದು ತರಲು ಗಿರಾಕಿಗೆ ಹೇಳಿ. ಪುಡಿಯ ಡಬ್ಬಿ ಮಾರುವುದೋ ಬೇಡವೋ ಎಂಬುದನ್ನು ಆ ಚೀಟಿ ನೋಡಿದ ಮೇಲೆ ತೀರ್ಮಾನಿಸಬಹುದು.

— ಓರ್ವ ಓದುಗ, ವಿದ್ಯಾನಗರ, ಹುಬ್ಬಳ್ಳಿ