ಫ್ರಾನ್ಸಿಸ್ ಬರೆದಿದ್ದನ್ನೇ ಹಾಕಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ 4 ಬಂತು ಅಂದ್ರೆ ಇಟಲಿಯ ಅಸ್ಸಿಸಿ ಊರಿನ ಸಂತ ಫ್ರಾನ್ಸಿಸರ ಬಗ್ಗೆ ಪೇಪರ್‌ಗಳಲ್ಲಿ ಸಣ್ಣ ಲೇಖನ ಬರುತ್ತೆ, ಪಕ್ಕದಲ್ಲೇ ‘ನನ್ನನ್ನು ನಿನ್ನ ಶಾಂತಿಯ ಸಾಧನವಾಗಿಸು’ ಅನ್ನೋ ಪ್ರಾರ್ಥನೆ ಅವರದ್ದು ಅಂತ ಹಾಕಿರ್ತಾರೆ. ನಾನೂ ಕಾನ್ವೆಂಟ್ ಸ್ಕೂಲಲ್ಲಿ ಅಸೆಂಬ್ಲಿಗೆ ನಿಂತು ಅದನ್ನ ಹೇಳ್ಕೊಂಡೇ ಬೆಳೆದೋನು. ಆದ್ರೆ ಅದು ಮೊದಲು ಅಚ್ಚಾಗಿದ್ದು 1912ರಲ್ಲಿ, ಪ್ಯಾರಿಸ್‌ನ ಒಂದು ಚಿಕ್ಕ ಪತ್ರಿಕೇಲಿ, ಬರೆದವರ ಹೆಸರೇ ಇಲ್ಲದೆ. ಫ್ರಾನ್ಸಿಸ್ ತೀರಿಕೊಂಡಿದ್ದು 1226ರಲ್ಲಿ!

ಗೊತ್ತಾದಾಗ ತುಂಬಾ ಬೇಜಾರಾಯ್ತು. ಹಾಗಾದ್ರೆ ಅವರು ನಿಜವಾಗ್ಲೂ ಏನು ಹೇಳಿದ್ರು ಅಂತ ಹುಡುಕ್ತಾ ಹೋದೆ, ಸಾಯೋ ವರ್ಷ ಅವರು ಹೇಳಿ ಬರೆಸಿದ ಮರಣಶಾಸನ ಸಿಕ್ತು. ಅದರಲ್ಲಿ ಅವರ ಬಗ್ಗೆ ಎಲ್ರೂ ಹೇಳೋ ಕಥೆಗಳ ಹಕ್ಕಿಗಳೂ ಇಲ್ಲ, ತೋಳವೂ ಇಲ್ಲ, ಶುರುವಾಗೋದೇ ಕುಷ್ಠರೋಗಿಗಳಿಂದ. ಅವರನ್ನ ನೋಡೋದೂ ನನಗೆ ಕಹಿ ಅನ್ನಿಸ್ತಿತ್ತು, ದೇವರೇ ನನ್ನನ್ನ ಅವರ ಮಧ್ಯೆ ಕರ್ಕೊಂಡು ಹೋದ, ಆಮೇಲೆ ಆ ಕಹಿಯೇ ಸಿಹಿಯಾಯ್ತು ಅಂತಾರೆ. ಫ್ರಾನ್ಸಿಸ್ ಬಟ್ಟೆ ವ್ಯಾಪಾರಿಯ ಮಗ, ದುಡ್ಡಿಗೇನೂ ಕಮ್ಮಿ ಇರ್ಲಿಲ್ಲ, 1202ರಲ್ಲಿ ಪಕ್ಕದ ಪೆರೂಜಾ ಊರಿನ ಮೇಲೆ ಯುದ್ಧಕ್ಕೆ ಹೋಗಿ ಸೋತು ಸೆರೆಯಲ್ಲಿದ್ದು ಬಂದೋರು, ಅಂಥೋರು ಬಿಷಪ್ ಎದುರಲ್ಲೇ ಮೈಮೇಲಿನ ಬಟ್ಟೆನೂ ಬಿಚ್ಚಿ ಅಪ್ಪನಿಗೆ ವಾಪಸ್ ಕೊಟ್ಟು ಹೊರಟುಬಿಟ್ರು. 1219ರಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ಕ್ರುಸೇಡ್ ಯುದ್ಧ ನಡೀತಿರೋವಾಗ್ಲೇ ಈಜಿಪ್ಟಿನ ಡಾಮಿಯೆಟಾ ಹತ್ರ ಶತ್ರುಪಾಳಯಕ್ಕೆ ಹೋಗಿ ಸುಲ್ತಾನ್ ಅಲ್ ಕಾಮಿಲ್‌ನನ್ನ ಕಂಡು ಜೀವಂತ ವಾಪಸ್ ಬಂದ್ರು. ನಾವು ಕ್ರಿಸ್‌ಮಸ್‌ಗೆ ಕಟ್ಟೋ ಗೋದಲಿ ಇದ್ಯಲ್ಲ, 1223ರಲ್ಲಿ ಗ್ರೆಚ್ಚೋ ಅನ್ನೋ ಊರಲ್ಲಿ ಹುಲ್ಲು ಹಾಸಿ ನಿಜವಾದ ಎತ್ತು ಕತ್ತೆ ತಂದು ನಿಲ್ಲಿಸಿದ್ದೂ ಇವರೇ.

ಇನ್ನೊಂದು ವಿಷಯ ಹೇಳ್ಲೇಬೇಕು. ಫ್ರಾನ್ಸಿಸ್ ಕಟ್ಟಿದ ಸನ್ಯಾಸಿಗಳ ಸಭೆಗೆ ಆಮೇಲೆ ಮುಖ್ಯಸ್ಥರಾದ ಬೊನವೆಂತೂರ ಬರೆದ ಫ್ರಾನ್ಸಿಸರ ಚರಿತ್ರೆ ಬಂದ್ಮೇಲೆ, ಅವರ ಹಳೇ ಚರಿತ್ರೆಗಳನ್ನೆಲ್ಲ ನಾಶ ಮಾಡಿ ಅಂತ 1266ರಲ್ಲಿ ಆ ಸಭೆಯವರೇ ಆದೇಶ ಮಾಡಿದ್ರು. 1228ರಲ್ಲಿ ಫ್ರಾನ್ಸಿಸ್ ಸಂತ ಅಂತ ಘೋಷಣೆ ಆದ ಹೊತ್ತಲ್ಲೇ ಅದೇ ಸಭೆಯ ಚೆಲಾನೋದ ತೋಮಸ್ ಬರೆದ ಚರಿತ್ರೆ ಉಳಿದಿದ್ದು ಬೇರೆ ಸಭೆಯ ಮಠಗಳಲ್ಲೂ ಪ್ರತಿಗಳು ಇದ್ದಿದ್ರಿಂದ. ಅಷ್ಟು ಕಷ್ಟಪಟ್ಟು ಉಳಿದು ಬಂದಿದ್ದನ್ನ ಓದದೆ, ಅವರದ್ದಲ್ಲದ ಮಾತನ್ನ ಅವರ ಬಾಯಿಗೆ ಹಾಕೋದು ಯಾಕೆ?

ಆ ಪ್ರಾರ್ಥನೆ ನನಗೆ ಈಗ್ಲೂ ಇಷ್ಟಾನೇ, ದಿನಾ ಹೇಳ್ತೀನಿ. 2026ಕ್ಕೆ ಅವರು ತೀರಿಕೊಂಡು 800 ವರ್ಷ, ಆ ಅಕ್ಟೋಬರ್ 4ಕ್ಕೆ ನಿಮ್ಮ ಪೇಪರಲ್ಲಿ ಮಾತ್ರ ದಯವಿಟ್ಟು ಕುಷ್ಠರೋಗಿಗಳ ಬಗ್ಗೆ ಅವರೇ ಹೇಳಿದ ಆ ನಾಲ್ಕು ಸಾಲು ಹಾಕಿ.

ಇಂತಿ,
ನಿಮ್ಮ ಓದುಗ