ಗೆಳೆಯನಿಗೊಂದು ಪತ್ರ: ಡೆಲ್ಫಿಯಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು

ಪ್ರಿಯ ರಾಘು,

ಹಳೆಯ ಗ್ರೀಸಿನಲ್ಲಿ ಅಪೊಲೊ ದೇವರ ಕಣಿ ಕೇಳುತ್ತಿದ್ದ ಡೆಲ್ಫಿ ಗುಡಿಯ ಬಗ್ಗೆ ನಿನ್ನ ನಾಟಕದಲ್ಲಿರುವ ದೃಶ್ಯ ಓದಿದೆ. ದಟ್ಟ ಹೊಗೆ, ಮೈದುಂಬಿ ಕೂಗಾಡುವ ಹುಡುಗಿ, ಒಗಟಿನಂಥ ನಾಲ್ಕು ಸಾಲು ಪದ್ಯ. ರಂಗದ ಮೇಲೆ ಕಳೆಗಟ್ಟುತ್ತದೆ, ಬೇಡ ಅನ್ನುವುದಿಲ್ಲ. ಆದರೆ ನಿನ್ನ ವ್ಯಾಪಾರಿ ಗುಡಿಗೆ ನುಗ್ಗಿ ‘ನನ್ನ ಗತಿ ಏನು ಹೇಳು’ ಎಂದು ಅರಚುತ್ತಾನಲ್ಲ, ಅಲ್ಲಿ ಎಡವಿದ್ದೀಯ. ಕಣಿ ಕೇಳಲು ಹೋಗುತ್ತಿದ್ದ ಗ್ರೀಕರು ಪ್ರಶ್ನೆಯನ್ನು ಮೊದಲೇ ಅಳೆದು ತೂಗಿ ಸಿದ್ಧ ಮಾಡಿಕೊಂಡು ಹೋಗುತ್ತಿದ್ದರು. ಅವರ ಜಾಣತನವೆಲ್ಲ ಇದ್ದದ್ದು ಅದರಲ್ಲೇ.

ಅವನು ಬೇಕೆಂದಾಗ ನುಗ್ಗುವಂತೆಯೂ ಇರಲಿಲ್ಲ. ಹಿಂದೆ ವರ್ಷಕ್ಕೆ ಒಂದೇ ದಿನ ಕಣಿ ನಡೆಯುತ್ತಿತ್ತು, ಬೈಸಿಯೋಸ್ ಎಂಬ ತಿಂಗಳ ಏಳನೆಯ ದಿನ. ಅದು ಅಪೊಲೊ ಹುಟ್ಟಿದ ದಿನ. ಆಮೇಲೆ ತಿಂಗಳಿಗೊಮ್ಮೆ ಆಯಿತು. ಜನ ಕಿಕ್ಕಿರಿಯುತ್ತಿದ್ದ ಕಾಲದಲ್ಲಿ ಇಬ್ಬರು ಪಿಥಿಯಾಗಳು, ಅಂದರೆ ದೇವರ ಮಾತು ನುಡಿಯುವ ಪೂಜಾರಿಣಿಯರು, ಸರದಿಯ ಮೇಲೆ ಕೂರುತ್ತಿದ್ದರು, ಮೂರನೆಯವಳು ಬದಲಿಗೆ. ಇದನ್ನು ಹೇಳಿದವನು ಡೆಲ್ಫಿಯಲ್ಲೇ ಪೂಜಾರಿಯಾಗಿದ್ದ ಪ್ಲುಟಾರ್ಕ್. ಅವನ ಕಾಲಕ್ಕೆ ಒಬ್ಬಳೇ ಸಾಕಾಗಿದ್ದಳು. ಅವಳು ಬಡ ರೈತನ ಮನೆಯಲ್ಲಿ ಬೆಳೆದವಳು, ಯಾವ ವಿದ್ಯೆಯನ್ನೂ ಕಲಿತವಳಲ್ಲ ಎನ್ನುತ್ತಾನೆ. ವೇಷದ ಬಗ್ಗೆ ಇತಿಹಾಸಕಾರ ಡಿಯೊಡೋರಸ್ ಬರೆದದ್ದು ನಿನಗೆ ಉಪಯೋಗಕ್ಕೆ ಬಂದೀತು: ಐವತ್ತು ದಾಟಿದ ಹೆಂಗಸು, ಆದರೆ ತೊಡುತ್ತಿದ್ದದ್ದು ಕನ್ಯೆಯ ಉಡುಪು. ನಿನ್ನ ಹದಿನೆಂಟರ ಹುಡುಗಿಗಿಂತ ಇವಳೇ ರಂಗಕ್ಕೆ ಸೊಗಸು.

ಇನ್ನು ದಕ್ಷಿಣೆ. ‘ಪೆಲನೋಸ್’ ಅಂದರೆ ಮೂಲದಲ್ಲಿ ದೇವರಿಗೆ ಅರ್ಪಿಸುವ ರೊಟ್ಟಿ. ಬರಬರುತ್ತಾ ಆ ಹೆಸರಿನಲ್ಲಿ ಹಣವನ್ನೇ ಕಟ್ಟಿಸಿಕೊಳ್ಳತೊಡಗಿದರು. ಫಸೆಲಿಸ್ ಊರಿನೊಂದಿಗೆ ಮಾಡಿಕೊಂಡ ಒಪ್ಪಂದ ಕಲ್ಲಿನ ಮೇಲೆ ಉಳಿದಿದೆ. ಊರಿನ ಪರವಾಗಿ ಕೇಳಿದರೆ 7 ಡ್ರಾಕ್ಮ 2 ಒಬೊಲ್, ಸ್ವಂತಕ್ಕಾದರೆ 4 ಒಬೊಲ್. ಡ್ರಾಕ್ಮಕ್ಕೆ ಆರು ಒಬೊಲ್; ಲೆಕ್ಕ ಹಾಕು, ಊರಿಗೆ ಹನ್ನೊಂದು ಪಟ್ಟು. ಸರದಿಯಲ್ಲಿ ಮುಂದೆ ನಿಲ್ಲುವ ಹಕ್ಕೂ ಇತ್ತು. ಗುಡಿಯ ಮುಂದಿನ ದೊಡ್ಡ ಬಲಿಪೀಠ ಕಟ್ಟಿಸಿಕೊಟ್ಟ ಕಿಯೋಸ್ ದ್ವೀಪದವರಿಗೆ ಅದು ಸಿಕ್ಕಿತ್ತು.

ಆಮೇಲೆ ಆಡು. ಬಲಿಯ ಆಡಿನ ಮೇಲೆ ತಣ್ಣೀರು ಸುರಿಯುತ್ತಾರೆ. ಗೊರಸಿನಿಂದ ಹಿಡಿದು ಇಡೀ ಮೈ ನಡುಗಿದರೆ ದೇವರು ಒಪ್ಪಿದ ಹಾಗೆ. ಬರೀ ತಲೆ ಕೊಡವಿದರೆ ಸಾಲದು, ಅವತ್ತು ಕಣಿ ಇಲ್ಲ. ಒಮ್ಮೆ ಪರದೇಶದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲದೆ ಪೂಜಾರಿಗಳು ನೀರು ಸುರಿದರು, ಸುರಿದರು, ಆಡು ತೊಪ್ಪೆಯಾಗಿ ಕೊನೆಗೂ ನಡುಗಿತು. ಪಿಥಿಯಾ ಒಲ್ಲದ ಮನಸ್ಸಿನಿಂದ ಕೆಳಗಿಳಿದಳು. ಮೊದಲ ಮಾತಿಗೇ ದನಿ ಗೊಗ್ಗರಾಯಿತು, ಚೀರುತ್ತಾ ಬಾಗಿಲಿಗೆ ಓಡಿಬಂದು ಬಿದ್ದಳು. ಕೇಳಲು ಬಂದವರ ಜೊತೆ ಪೂಜಾರಿಗಳೂ ದಿಕ್ಕಾಪಾಲು. ಕೆಲವೇ ದಿನಗಳಲ್ಲಿ ಅವಳು ತೀರಿಕೊಂಡಳು. ನೀನು ಬರೆದಿರುವ ಕೂಗಾಟ ಇದೇ, ಆದರೆ ಪ್ಲುಟಾರ್ಕ್ ಅದನ್ನು ಕಣಿ ಕೆಟ್ಟುಹೋದ ದಿನದ ಕಥೆಯಾಗಿ ಹೇಳುತ್ತಾನೆ. ಹೊಗೆಯನ್ನೂ ಕಡಿಮೆ ಮಾಡು: ಒಮ್ಮೊಮ್ಮೆ, ಅದೂ ಅಪರೂಪಕ್ಕೆ, ಕೇಳುವವರು ಕೂತ ಕೋಣೆಗೆ ಸುವಾಸನೆ ತೇಲಿ ಬರುತ್ತಿತ್ತು ಅನ್ನುವುದಷ್ಟೇ ಅವನ ಮಾತು.

ಈಗ ಪ್ರಶ್ನೆಗೆ ಬರೋಣ. ‘ಮುಂದೆ ಏನಾಗುತ್ತದೆ’ ಎಂದು ಕೇಳುವುದು ಕಡಿಮೆ. ‘ಹೀಗೆ ಮಾಡಿದರೆ ಒಳಿತೇ, ಮೇಲೇ?’ ಅಥವಾ ‘ಯಾವ ದೇವರಿಗೆ ಬಲಿ ಕೊಟ್ಟರೆ ಒಳಿತು?’ ಇವೇ ರೂಢಿ. ಎರಡನೆಯದರಲ್ಲಿ ಒಂದು ಕಳ್ಳದಾರಿಯಿದೆ. ಕ್ರಿ.ಪೂ. 401ರಲ್ಲಿ ಪರ್ಷಿಯದ ರಾಜಕುಮಾರ ಸೈರಸ್‌ನ ದಂಡಿಗೆ ಸೇರಲು ಹೊರಟ, ಸಾಕ್ರಟೀಸನ ಶಿಷ್ಯ ಕ್ಸೆನೊಫನ್ ‘ಹೋಗಲೋ ಬೇಡವೋ’ ಎಂದು ಕೇಳಲೇ ಇಲ್ಲ. ‘ಯಾವ ದೇವರುಗಳಿಗೆ ಬಲಿ ಕೊಟ್ಟರೆ ಸುಖವಾಗಿ ಹೋಗಿಬಂದೇನು’ ಎಂದು ಕೇಳಿದ. ದೇವರು ಹೆಸರು ಹೇಳಿದ. ಸಾಕ್ರಟೀಸ್ ಬೈದ: ಹೋಗುವುದನ್ನು ನೀನೇ ತೀರ್ಮಾನಿಸಿಬಿಟ್ಟೆಯಲ್ಲ, ಕೇಳಿದ್ದಾಯಿತು, ಇನ್ನು ಹೇಳಿದಂತೆ ಮಾಡು. ಇದನ್ನು ನಮಗೆ ಹೇಳಿದವನು ಕ್ಸೆನೊಫನ್ನೇ.

ಎಲ್ಲಕ್ಕಿಂತ ಬಿಗಿಯಾಗಿ ಪ್ರಶ್ನೆ ಕಟ್ಟಿದವರು ಅಥೆನ್ಸಿನವರು, ಕ್ರಿ.ಪೂ. 352ರಲ್ಲಿ. ಮೆಗರಾ ಗಡಿಯಲ್ಲಿ ಎಲೂಸಿಸ್ ಊರಿನ ಇಬ್ಬರು ದೇವಿಯರಿಗೆ ಬಿಟ್ಟ ನೆಲವಿತ್ತು. ಅದರಲ್ಲಿ ಉಳುಮೆಗೆ ಬಿದ್ದ ಭಾಗವನ್ನು ಗೇಣಿಗೆ ಕೊಟ್ಟು, ಬಂದ ಹಣದಲ್ಲಿ ಗುಡಿಯ ಕೆಲಸ ಮಾಡಿಸುವುದೋ, ದೇವಿಯರ ಹೆಸರಿನಲ್ಲಿ ಬೀಳು ಬಿಡುವುದೋ? ಒಂದೇ ಅಳತೆಯ ಎರಡು ತವರದ ತಗಡು ತಂದು ಒಂದರ ಮೇಲೆ ಮೊದಲನೆಯದನ್ನೂ ಇನ್ನೊಂದರ ಮೇಲೆ ಎರಡನೆಯದನ್ನೂ ಬರೆದರು. ಸುರುಳಿ ಸುತ್ತಿ, ಉಣ್ಣೆಯಲ್ಲಿ ಮುಚ್ಚಿ, ಜನರೆದುರೇ ಕಂಚಿನ ಕೊಡದೊಳಗೆ ಹಾಕಿ ಕುಲುಕಿದರು. ಒಂದನ್ನು ತೆಗೆದು ಚಿನ್ನದ ಕೊಡಕ್ಕೆ, ಇನ್ನೊಂದನ್ನು ಬೆಳ್ಳಿಯ ಕೊಡಕ್ಕೆ. ಬಾಯಿ ಕಟ್ಟಿ ಸರ್ಕಾರಿ ಮುದ್ರೆ ಒತ್ತಿದರು. ಪ್ರಜೆಗಳಲ್ಲಿ ಯಾರಿಗೆ ಬೇಕಾದರೂ ತಮ್ಮ ಮುದ್ರೆಯನ್ನೂ ಒತ್ತಲು ಅವಕಾಶ. ಆ ಕೊಡಗಳು ಊರ ಗುಡ್ಡದ ಕೋಟೆ ಅಕ್ರೊಪೊಲಿಸ್ ಹತ್ತಿದವು. ಡೆಲ್ಫಿಗೆ ಹೋದ ಮೂವರು ಕೇಳಬೇಕಾದ್ದು ಇಷ್ಟೇ: ಚಿನ್ನದ ಕೊಡದ್ದೋ, ಬೆಳ್ಳಿಯ ಕೊಡದ್ದೋ?

ಯಾವುದರಲ್ಲಿ ಏನಿದೆ ಅನ್ನುವುದು ಕೇಳಹೋದ ಮೂವರಿಗೂ ಗೊತ್ತಿಲ್ಲ, ಪಿಥಿಯಾಗೂ ಗೊತ್ತಿಲ್ಲ. ಲಂಚ ಕೊಡುವವನು ಏನು ಹೇಳಿಸಿಯಾನು? ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಸ್ಪಾರ್ಟಾದ ರಾಜ ಕ್ಲಿಯೊಮೆನೆಸ್ ತನ್ನ ಜೊತೆರಾಜ ಡೆಮರಾಟಸ್‌ನನ್ನು ಪಟ್ಟದಿಂದ ಇಳಿಸಲು, ಕೊಬೊನ್ ಎಂಬ ಡೆಲ್ಫಿಯ ಪ್ರಭಾವಿಯ ಮೂಲಕ ಪೆರಿಯಲ್ಲಾ ಎಂಬ ಪಿಥಿಯಾಳಿಂದ ಬೇಕಾದ ಉತ್ತರ ಹೇಳಿಸಿದ್ದ. ಗುಟ್ಟು ಬಯಲಾದಾಗ ಕೊಬೊನ್ ಊರು ಬಿಟ್ಟ, ಅವಳು ಪದವಿ ಕಳೆದುಕೊಂಡಳು. ಅಂದಹಾಗೆ, ಅಥೆನ್ಸಿಗೆ ಬಂದ ಉತ್ತರ ಬೀಳು ಬಿಡಿ ಎಂದೇ.

ಪುರಾಣದವರು, ಅರೆಪುರಾಣದವರು ಸೋಲುವುದೂ ಇಲ್ಲೇ. ದೊಡ್ಡ ಸಾಮ್ರಾಜ್ಯವೊಂದು ನಾಶವಾಗುತ್ತದೆ ಎಂಬ ಕಣಿ ಕೇಳಿ ಲಿಡಿಯಾದ ರಾಜ ಕ್ರೀಸಸ್ ಪರ್ಷಿಯದ ಮೇಲೆ ದಂಡೆತ್ತಿದ, ನಾಶವಾದದ್ದು ಅವನದೇ. ಆಮೇಲೆ ದೂರು ಕಳಿಸಿದಾಗ ಡೆಲ್ಫಿಯ ಸಮಾಧಾನ: ಯಾರ ಸಾಮ್ರಾಜ್ಯ ಎಂದು ಮತ್ತೊಮ್ಮೆ ಆಳು ಕಳಿಸಿ ಕೇಳಬಹುದಿತ್ತಲ್ಲ! ಇತಿಹಾಸಕಾರ ಹೆರೊಡೋಟಸ್ ಇದನ್ನು ನಗದೆ ಬರೆಯುತ್ತಾನೆ. ಇನ್ನು ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ಕೇಳಹೋದದ್ದು ತನ್ನ ಹೆತ್ತವರು ಯಾರೆಂದು. ದೇವರು ಅದಕ್ಕೆ ಉತ್ತರ ಕೊಡದೆ ತಂದೆಯನ್ನು ಕೊಲ್ಲುವೆ, ತಾಯಿಯನ್ನು ಮದುವೆಯಾಗುವೆ ಎಂದ. ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ ಅನ್ನುವುದನ್ನೇ ಮರೆತು ಆತ ತಾನು ಬೆಳೆದ ಊರು ಕೊರಿಂಥ್ ಬಿಟ್ಟು ಓಡಿದ.

ನಿನ್ನ ವ್ಯಾಪಾರಿಗೆ ಡೆಲ್ಫಿ ದುಬಾರಿ ಅನಿಸಿದರೆ ಡೊಡೊನಾ ಎಂಬ ಇನ್ನೊಂದು ಕಣಿಯ ತಾಣಕ್ಕೆ ಕಳಿಸು, ಜೀಯಸ್ ಮತ್ತು ಡಿಯೋನೆಯ ಓಕ್ ಮರದ ಬಳಿಗೆ. ಅಲ್ಲಿ ಪ್ರಶ್ನೆಯನ್ನು ಸೀಸದ ತೆಳು ಪಟ್ಟಿಯ ಮೇಲೆ ಕೊರೆದು ಸುರುಳಿ ಸುತ್ತುತ್ತಿದ್ದರು. ಹಳೆಯ ಪಟ್ಟಿಯನ್ನು ತಟ್ಟಿ ಅದರ ಮೇಲೇ ಮತ್ತೆ ಬರೆದದ್ದೂ ಉಂಟು. 2013ರಲ್ಲಿ ಒಟ್ಟಿಗೆ ಪ್ರಕಟವಾದವೇ 4000ಕ್ಕೂ ಹೆಚ್ಚು. ಒಬ್ಬ ಕುರಿ ಸಾಕಿದರೆ ಲಾಭವೇ ಎಂದು ಕೇಳುತ್ತಾನೆ. ಅಗಿಸ್ ಎಂಬವನ ಹೊದಿಕೆ, ದಿಂಬುಗಳು ಕಾಣೆಯಾಗಿವೆ. ಹೊರಗಿನವರು ಯಾರಾದರೂ ಕದ್ದರೇ ಎಂದು ಅವನ ಪ್ರಶ್ನೆ. ಲಿಸಾನಿಯಾಸ್ ಎಂಬವನದು ಒಂದೇ ಸಾಲು: ಅನ್ನುಲಾಳ ಹೊಟ್ಟೆಯಲ್ಲಿರುವ ಮಗು ತನ್ನದೇ ಹೌದೇ?

ಇಂಥ ಪಟ್ಟಿಗಳ ಮೇಲೆ ಉತ್ತರ ಬರೆದಿರುವುದು ತೀರಾ ಅಪರೂಪ. ಲಿಸಾನಿಯಾಸ್‌ನನ್ನು ನಿನ್ನ ಎರಡನೆಯ ಅಂಕಕ್ಕೆ ಕರೆದುಕೊಳ್ಳುವುದಾದರೆ ದೇವರು ಏನೆಂದ ಅನ್ನುವುದನ್ನು ನೀನೇ ಬರೆಯಬೇಕು. ತಿದ್ದಿದ ಪ್ರತಿ ಕಳಿಸು.

ನಿನ್ನ,
ಶ್ರೀಧರ